ಬಂಡಾಜೆಯ ಹಳ್ಳಕ್ಕೆ ಇಳಿಯುವ ಮುಂಚೆ: ಅರಣ್ಯ ಇಲಾಖೆಗೂ ಚಾರಣಿಗರಿಗೂ ಒಂದು ಬಹಿರಂಗ ಪತ್ರ

ಅರಣ್ಯ ಇಲಾಖೆಯ ಅಧಿಕಾರಿಗಳಿಗೆ, ಮತ್ತು ಶನಿವಾರ ಭಾನುವಾರ ಬಂತೆಂದರೆ ಚೀಲ ಬೆನ್ನಿಗೇರಿಸಿ ಘಟ್ಟದ ಕಡೆ ಹೊರಡುವ ಎಲ್ಲ ಗೆಳೆಯರಿಗೆ,

ನಮಸ್ಕಾರ. ಚಾರ್ಮಾಡಿಯ ಬುಡದಲ್ಲಿ ಬೆಳೆದವನು ನಾನು. ಬಂಡಾಜೆಯ ದಾರಿ ಚಿಕ್ಕಂದಿನಿಂದ ಗೊತ್ತು. ಆ ದಾರಿಗೆ ಅಡ್ಡ ಸಿಗುವ ಹಳ್ಳಗಳ ಬಗ್ಗೆ ನಿಮ್ಮ ಹತ್ತಿರ ಮಾತಾಡಬೇಕಿದೆ. ಕಾಡು ಮುಚ್ಚಿಬಿಡಿ, ಯಾರನ್ನೂ ಒಳಗೆ ಬಿಡಬೇಡಿ ಅಂತ ಹೇಳುವುದಕ್ಕೆ ಇದನ್ನು ಬರೆಯುತ್ತಿಲ್ಲ. ಜನ ಬರಲಿ, ನಡೆಯಲಿ, ಜಲಪಾತ ನೋಡಲಿ, ಕಾಡುಪ್ರಾಣಿ ಕಂಡರೆ ಖುಷಿಪಡಲಿ. ಆದರೆ ನೀರು ಕಂಡ ಕಡೆಯೆಲ್ಲ ಇಳಿದು, ಕಲ್ಲು ಕಿತ್ತು, ಸೋಪು ಹಚ್ಚಿ ಸ್ನಾನ ಮಾಡುವುದು ನಿಲ್ಲಬೇಕು. ಇದನ್ನು ನಿಲ್ಲಿಸಲು ದೊಡ್ಡ ಯೋಜನೆ ಬೇಕಿಲ್ಲ, ಕೋಟಿಗಟ್ಟಲೆ ದುಡ್ಡೂ ಬೇಕಿಲ್ಲ. ಯಾಕೆ ನಿಲ್ಲಿಸಬೇಕು ಅನ್ನುವುದು ಮಾತ್ರ ಎಲ್ಲರಿಗೂ ಗೊತ್ತಾಗಬೇಕು.

ಬಂಡಾಜೆ ನೋಡದವರಿಗೆ ಸ್ವಲ್ಪ ಹೇಳುತ್ತೇನೆ. ಉಜಿರೆಯಿಂದ ಚಾರ್ಮಾಡಿ ಘಾಟಿ ಕಡೆ ಬಸ್ಸಿನಲ್ಲಿ ಹೋಗುವಾಗ, ಮಳೆಗಾಲ ಮುಗಿದ ಹೊಸತರಲ್ಲಿ ಎಡಗಡೆಯ ಕಿಟಕಿಗೆ ಕೂತರೆ ದೂರದ ಬೆಟ್ಟದ ಮೇಲಿಂದ ನೀರು ಬೀಳುವುದು ಬೆಳ್ಳಗೆ ಕಾಣುತ್ತದೆ. ಅದೇ ಬಂಡಾಜೆ ಅರ್ಬಿ. ಸುಮಾರು 200 ಅಡಿ ಎತ್ತರದಿಂದ ಧುಮುಕುತ್ತದೆ. ಕಡಿರುದ್ಯಾವರ ಗ್ರಾಮದ ವಳಂಬ್ರ ಕಡೆಯಿಂದ ಹತ್ತಿದರೆ ಮೊದಲು ಅಡಿಕೆ ತೋಟ, ಆಮೇಲೆ ಬಿಸಿಲು ನೆಲಕ್ಕೆ ಬೀಳದಂಥ ಕಾಡು, ಅದರಾಚೆ ಒಂಚೂರೂ ನೆರಳಿಲ್ಲದ ಹುಲ್ಲುಗುಡ್ಡ, ಕೊನೆಗೆ ನೀರು ಕೆಳಗೆ ಹಾರುವ ಬಂಡೆಯ ಅಂಚು. ಅಲ್ಲಿಂದ ಮುಂದೆ ನಡೆದರೆ ಬಲ್ಲಾಳರಾಯನ ದುರ್ಗದ ಕೋಟೆ. ದುರ್ಗದ ಆಚೆ ಇಳಿದರೆ ಮೂಡಿಗೆರೆ ತಾಲ್ಲೂಕು. ಕಾಡಿನೊಳಗೆ ಹೋಗುವಾಗ ದಾರಿಗೆ ಸಣ್ಣ ಸಣ್ಣ ಹಳ್ಳಗಳು ಅಡ್ಡ ಬರುತ್ತವೆ. ಬಹಳ ಜನಕ್ಕೆ ಅವು ಬಾಟಲಿ ತುಂಬಿಸುವ ಜಾಗ, ಮುಖ ತೊಳೆಯುವ ಜಾಗ, ಫೋಟೋ ತೆಗೆಯುವ ಜಾಗ. ನನ್ನ ಮಟ್ಟಿಗೆ ಇಡೀ ದಾರಿಯಲ್ಲಿ ನೋಡಬೇಕಾದ್ದು ಇರುವುದೇ ಅಲ್ಲಿ.

ಚಾರಣಕ್ಕೆ ಬಂದವರು ಸಾಮಾನ್ಯವಾಗಿ ಕೇಳುವ ಪ್ರಶ್ನೆ ಒಂದೇ. ಇಲ್ಲಿ ಯಾವ ಪ್ರಾಣಿ ಸಿಗುತ್ತದೆ? ಹುಲಿ ಇದೆಯಾ, ಆನೆ ಇದೆಯಾ? ಪುಣ್ಯವಿದ್ದರೆ ಹುಲ್ಲುಗುಡ್ಡದ ಮೇಲೆ ಮುಂಜಾನೆ ಕಾಟಿಗಳ, ಅಂದರೆ ಕಾಡುಕೋಣಗಳ ಹಿಂಡು ಕಾಣುತ್ತದೆ. ಕಡವೆ ಹೆಜ್ಜೆ ಸಿಗುತ್ತದೆ. ಕಾಡಿನೊಳಗೆ ಕೆಂಜಳಿಲು ಮೇಲಿನ ಕೊಂಬೆಯಲ್ಲಿ ಕೂತು ಬೈಯುತ್ತಿರುತ್ತದೆ, ಅದರ ಉದ್ದ ಬಾಲ ಕೆಳಗೆ ಜೋತುಬಿದ್ದಿರುತ್ತದೆ. ಮಂಗಟ್ಟೆ ಹಾರುವಾಗ ಹಕ್ಕಿ ಕಾಣುವ ಮೊದಲೇ ರೆಕ್ಕೆಯ ಸದ್ದು ಕೇಳುತ್ತದೆ, ತಲೆ ಎತ್ತುವಷ್ಟರಲ್ಲಿ ಮರದ ಮರೆಗೆ ಹೋಗಿಬಿಟ್ಟಿರುತ್ತದೆ. ನೀರಿನ ಹತ್ತಿರದ ಗಿಡದಲ್ಲಿ ಗುಳಿಮಂಡಲ ಹಾವು ಎಲೆಯ ಬಣ್ಣಕ್ಕೆ ಬೆರೆತು ಗಂಟೆಗಟ್ಟಲೆ ಅಲ್ಲಾಡದೆ ಕೂತಿರುತ್ತದೆ. ಹತ್ತುವಾಗ ಆಸರೆಗೆ ಅಂತ ನೋಡದೆ ಕೊಂಬೆ ಹಿಡಿಯಬೇಡಿ ಎಂದು ಊರಿನವರು ಹೇಳುವುದು ಅದಕ್ಕೇ. ಇವೆಲ್ಲ ದೊಡ್ಡವು, ಕಣ್ಣಿಗೆ ಬೀಳುವಂಥವು. ಹಳ್ಳದಲ್ಲಿ ಇರುವವನು ಬೇರೆ.

ಒಂದು ಕಪ್ಪೆ. ನಿಮ್ಮ ಹೆಬ್ಬೆರಳಿನ ತುದಿಯಷ್ಟು ದೊಡ್ಡದು, ಅಷ್ಟೇ. ಕಂದು ಬಣ್ಣ, ಒದ್ದೆ ಕಲ್ಲಿನ ಮೇಲೆ ಕೂತರೆ ಕಲ್ಲೇ. ಘಾಟಿ ಹತ್ತಿದ ಮೇಲೆ ಸಿಗುವ ಕೊಟ್ಟಿಗೆಹಾರ ಗೊತ್ತಲ್ಲ, ನೀರುದೋಸೆ ತಿನ್ನಲು ಎಲ್ಲರೂ ಗಾಡಿ ನಿಲ್ಲಿಸುವ ಊರು, ಈ ಕಪ್ಪೆಗೆ ಆ ಊರಿನದೇ ಹೆಸರು. ಕೊಟ್ಟಿಗೆಹಾರದ ಕುಣಿಯುವ ಕಪ್ಪೆ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಪ್ರಾಧ್ಯಾಪಕರಾಗಿದ್ದ ಸಿ.ಆರ್. ನಾರಾಯಣ ರಾವ್ 1937ರಲ್ಲೇ ಇದನ್ನು ಗುರುತಿಸಿ ವಿವರಿಸಿದರು. ದೋಸೆ ತಿಂದು ಹೋಗುವ ಸಾವಿರಾರು ಜನರಲ್ಲಿ ಈ ಊರಿನ ಹೆಸರು ಹೊತ್ತ ಒಂದು ಜೀವ ಇದೆ ಅಂತ ಗೊತ್ತಿರುವವರು ತೀರಾ ಕಡಿಮೆ. ಊರಲ್ಲಿ ಅದರದ್ದೊಂದು ದೊಡ್ಡ ಚಿತ್ರ ಹಾಕಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು.

ಇದು ಕುಣಿಯುವುದು ಯಾಕೆ ಅಂದರೆ, ಇದು ಇರುವುದು ಹರಿಯುವ ನೀರಿನ ಪಕ್ಕದಲ್ಲಿ. ನೀರಿನ ಸದ್ದು ಎಷ್ಟಿರುತ್ತದೆಂದರೆ ಗಂಡು ಕೂಗಿದರೂ ಆಚೆ ಕಲ್ಲಿನವರಿಗೆ ಕೇಳುವುದು ಕಷ್ಟ. ಅದಕ್ಕೆ ಅದು ಗಂಟಲು ಉಬ್ಬಿಸಿ ಕೂಗುವುದರ ಜೊತೆಗೆ ಹಿಂಗಾಲು ಚಾಚುತ್ತದೆ. ನಾನು ನೋಡಿದ್ದು ಹೇಳುತ್ತೇನೆ. ಮೊದಲು ಗಂಟಲಿನ ಬಿಳಿ ಚೀಲ ಉಬ್ಬುತ್ತದೆ. ಸಣ್ಣಗೆ ಟಿಕ್ ಟಿಕ್ ಅನ್ನುವ ಸದ್ದು. ಆಮೇಲೆ ಒಂದು ಹಿಂಗಾಲು ನಿಧಾನ ಮೇಲೆದ್ದು, ಪೂರ್ತಿ ನೇರವಾಗಿ ಹಿಂದಕ್ಕೆ ಚಾಚಿಕೊಂಡು, ಬೆರಳು ಬಿಡಿಸಿ, ನಡುವಿನ ಜಾಲ ಅಗಲವಾಗಿ ಕಾಣುವಂತೆ ಒಂದು ಕ್ಷಣ ನಿಲ್ಲುತ್ತದೆ. ಜಾತ್ರೆಯ ಗದ್ದಲದಲ್ಲಿ ದೂರದ ಗೆಳೆಯನಿಗೆ ಕೈ ಬೀಸಿ ಕರೆದ ಹಾಗೆ. ಮತ್ತೆ ಕಾಲು ಮಡಚಿ, ಸ್ವಲ್ಪ ತಿರುಗಿ ಕೂತು, ಈ ಸಲ ಇನ್ನೊಂದು ಕಾಲು. ಪಕ್ಕದ ಕಲ್ಲಿನ ಗಂಡು ಸುಮ್ಮನಿರುವುದಿಲ್ಲ, ಅದೂ ಚಾಚುತ್ತದೆ. ಇಬ್ಬರೂ ಜಾಗಕ್ಕಾಗಿ ಹಟಕ್ಕೆ ಬಿದ್ದರೆ ಒಂದನ್ನೊಂದು ಒದ್ದುಕೊಳ್ಳುವುದೂ ಉಂಟು. ಇದೆಲ್ಲ ನಡೆಯುವುದು ಹಗಲಿನಲ್ಲಿ, ನೀವು ನಡೆಯುವ ದಾರಿಯ ಪಕ್ಕದಲ್ಲಿ. ಟಾರ್ಚ್ ಬೇಡ, ಜೀಪ್ ಬೇಡ, ಸಫಾರಿ ಟಿಕೆಟ್ ಬೇಡ. ಸದ್ದು ಮಾಡದೆ ಹತ್ತು ಹದಿನೈದು ನಿಮಿಷ ಕೂರಬೇಕು.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಈ ಕಪ್ಪೆ ಮೊಟ್ಟೆ ಇಡುವುದು ಎಲ್ಲಿ ಗೊತ್ತಾ? ಹೆಣ್ಣು ಕಪ್ಪೆ ಹಳ್ಳದ ಅಂಚಿನ ತೆಳು ನೀರಿಗೆ ಇಳಿದು, ಹಿಂಗಾಲಿನಿಂದ ಮರಳು ಮತ್ತು ಸಣ್ಣ ಜಲ್ಲಿಯನ್ನು ಅಗೆದು ಗುಂಡಿ ಮಾಡಿ, ಅದರಲ್ಲಿ ಮೊಟ್ಟೆ ಇಟ್ಟು, ಮತ್ತೆ ಕಾಲಿನಿಂದಲೇ ಜಲ್ಲಿ ಮುಚ್ಚುತ್ತದೆ. ಮೇಲಿನಿಂದ ನೋಡಿದರೆ ಏನೂ ಕಾಣುವುದಿಲ್ಲ. ಬರೀ ಮರಳು, ಬರೀ ಕಲ್ಲು. ಅಂದರೆ ನಾವು ಶೂ ಬಿಚ್ಚಿ ಕಾಲಿಡುವ, ಚಪ್ಪಟೆ ಕಲ್ಲು ಹುಡುಕಿ ಒಂದರ ಮೇಲೊಂದು ಪೇರಿಸುವ, ಮಕ್ಕಳಿಗೆ ಆಡಲು ಬಿಡುವ ಮೊಣಕಾಲು ಮುಳುಗದ ನೀರೇ ಅದರ ತೊಟ್ಟಿಲು. ಮತ್ತೆ ಕಾಲ ಯಾವುದು? ಮಳೆಯ ಅಬ್ಬರ ಇಳಿದು ಹಳ್ಳದ ನೀರು ತಿಳಿಯಾದ ಮೇಲೆ, ಹೆಚ್ಚು ಕಡಿಮೆ ಅಕ್ಟೋಬರ್‌ನಿಂದ ಡಿಸೆಂಬರ್ ತನಕ. ನಮ್ಮ ಚಾರಣದ ಸೀಸನ್ ಶುರುವಾಗುವುದೂ ಆಗಲೇ. ದಸರಾ ರಜೆ, ದೀಪಾವಳಿ ರಜೆ, ಕ್ರಿಸ್‌ಮಸ್ ರಜೆ ಎಲ್ಲವೂ ಅದರ ಸಂತಾನದ ಕಾಲಕ್ಕೇ ಬರುತ್ತವೆ. ಇದು ಯಾರ ತಪ್ಪೂ ಅಲ್ಲ. ಹಳ್ಳ ಚೆಂದ ಕಾಣುವ ಹೊತ್ತು ಇಬ್ಬರಿಗೂ ಒಂದೇ. ಆದರೆ ಒಬ್ಬರಿಗೆ ಬೇರೆ ಜಾಗ ಇದೆ, ಇನ್ನೊಬ್ಬರಿಗೆ ಇಲ್ಲ.

ಕುಣಿಯುವ ಕಪ್ಪೆ ಒಂದೇ ಅಲ್ಲ. 2014ರಲ್ಲಿ ಕಪ್ಪೆಗಳ ಅಧ್ಯಯನ ಮಾಡುವ ವಿಜ್ಞಾನಿ ಕೆ.ವಿ. ಗುರುರಾಜ ಮತ್ತು ಸಂಗಡಿಗರು ಉತ್ತರ ಕನ್ನಡದ ಕತ್ತಲೆಕಾನಿನ ಹಳ್ಳದಿಂದ ಒಂದು ಹೊಸ ಕಪ್ಪೆಯನ್ನು ಲೋಕಕ್ಕೆ ತೋರಿಸಿದರು. ಅದರ ಗಂಡು ಹಳ್ಳದ ಕೆಸರನ್ನು ಕೈಯಲ್ಲಿ ತೆಗೆದು, ಹಿಂಗಾಲಿನ ಮೇಲೆ ನಿಂತು, ಮೊಟ್ಟೆಗಳಿಗೆ ಮೆತ್ತುತ್ತದೆ. ಅದಕ್ಕೆ ಕುಂಬಾರ ಕಪ್ಪೆ ಅಂತಲೇ ಹೆಸರಿಟ್ಟರು. ಶರಾವತಿ ಸೀಮೆಯ ಆ ಒಂದು ಸಣ್ಣ ಹಳ್ಳದಲ್ಲಿ ಇಷ್ಟು ವರ್ಷ ಯಾರಿಗೂ ಕಾಣದೆ ಅದು ತನ್ನ ಕೆಲಸ ಮಾಡಿಕೊಂಡಿತ್ತು. ನಮ್ಮ ಕಡೆಯ ಹಳ್ಳಗಳಲ್ಲಿ ಇನ್ನೂ ಏನೇನಿದೆಯೋ. ನೋಡುವ ಮುಂಚೆಯೇ ತುಳಿದು ಹಾಕಬಾರದು ಅಲ್ವಾ?

ತುಳಿಯುವುದಕ್ಕಿಂತ ಜಾಸ್ತಿ ಕೆಲಸ ಕೆಡಿಸುವುದು ನಾವು ನೀರಿಗೆ ಬಿಡುವ ವಸ್ತುಗಳು. ಹಳ್ಳದ ಕಲ್ಲು ಸಂದಿಯಲ್ಲಿ ಶಾಂಪೂ ಸ್ಯಾಶೆ ಸಿಕ್ಕಿಕೊಂಡಿರುವುದು ನಾನು ನೋಡುತ್ತಲೇ ಇರುತ್ತೇನೆ. ಅದನ್ನು ಹೆಕ್ಕಿ ಜೇಬಿಗೆ ಹಾಕಿಕೊಂಡರೆ ಕಸ ಹೋಯಿತು, ಆದರೆ ಅದರೊಳಗಿದ್ದದ್ದು ಆಗಲೇ ನೀರಿಗೆ ಹೋಗಿರುತ್ತದೆ. ಕಪ್ಪೆ ನೀರು ಕುಡಿಯುವುದು ಬಾಯಿಂದ ಅಲ್ಲ, ಚರ್ಮದಿಂದ. ಉಸಿರಾಟದ ಒಂದು ಪಾಲೂ ಚರ್ಮದಿಂದಲೇ. ನೊರೆ ಬರುವ ಯಾವುದೇ ವಸ್ತು, ಸೊಳ್ಳೆ ಓಡಿಸುವ ಮುಲಾಮು, ಸನ್‌ಸ್ಕ್ರೀನ್, ಎಲ್ಲವೂ ಆ ಚರ್ಮದ ಮೇಲೆ ಕೂರುತ್ತದೆ. ಉಂಬಳಕ್ಕೆ ಹೆದರಿ ಕಾಲಿಗೆ ಉಪ್ಪು, ಹೊಗೆಸೊಪ್ಪಿನ ನೀರು, ಡೆಟಾಲ್ ಹಚ್ಚಿಕೊಂಡು ಬರುತ್ತಾರೆ, ಅದೇ ಕಾಲಲ್ಲಿ ಹಳ್ಳಕ್ಕೆ ಇಳಿಯುತ್ತಾರೆ. ಉಂಬಳ ಕಚ್ಚಿದರೆ ಏನೂ ಆಗುವುದಿಲ್ಲ ಮಾರಾಯ್ರೆ. ಉಗುರಿನಿಂದ ಬಾಯಿಯ ಕಡೆಯ ತುದಿಯನ್ನು ಪಕ್ಕಕ್ಕೆ ತಳ್ಳಿದರೆ ಬಿಟ್ಟುಬಿಡುತ್ತದೆ. ಸ್ವಲ್ಪ ಹೊತ್ತು ರಕ್ತ ಬರುತ್ತದೆ, ಆಮೇಲೆ ತುರಿಕೆ, ಅಷ್ಟೇ. ನಮ್ಮ ಮನೆಗಳಲ್ಲಿ ತೋಟಕ್ಕೆ ಹೋಗಿ ಬಂದ ಅಮ್ಮಂದಿರು ದಿನಾ ಅದನ್ನು ಕಿತ್ತು ಎಸೆದೇ ಅಡುಗೆಗೆ ಕೂರುತ್ತಿದ್ದರು.

ಇನ್ನೊಂದು ಸಂಗತಿ ಬಹಳ ಜನಕ್ಕೆ ಗೊತ್ತಿಲ್ಲ. ಪ್ರಪಂಚದ ಹಲವು ಕಡೆ ಕಪ್ಪೆಗಳನ್ನು ಒಂದು ಬಗೆಯ ಶಿಲೀಂಧ್ರ ಕೊಂದಿದೆ. ನೀರಿನಲ್ಲಿ ಹರಡುತ್ತದೆ, ಒದ್ದೆ ಮಣ್ಣಿನಲ್ಲಿ ಹರಡುತ್ತದೆ. ನಮ್ಮ ಪಶ್ಚಿಮ ಘಟ್ಟದ ಕಪ್ಪೆಗಳ ಮೈಯಲ್ಲೂ ಅದು ಇರುವುದನ್ನು ವಿಜ್ಞಾನಿಗಳು ಕಂಡಿದ್ದಾರೆ. ಹೋದ ವಾರ ಕೇರಳದ ಯಾವುದೋ ಹೊಳೆಯಲ್ಲಿ ಒದ್ದೆಯಾದ ಶೂ ಒಣಗುವ ಮುಂಚೆ ಈ ವಾರ ಬಂಡಾಜೆಯ ಹಳ್ಳಕ್ಕೆ ಇಳಿದರೆ, ಅಲ್ಲಿಯ ಕೆಸರಿನ ಜೊತೆ ಏನನ್ನು ತಂದೆವು ಅಂತ ನಮಗೆ ತಿಳಿಯುವುದಿಲ್ಲ. ಶೂ ತೊಳೆದು, ಬಿಸಿಲಿಗೆ ಪೂರ್ತಿ ಒಣಗಿಸಿ ಹಾಕಿಕೊಂಡು ಬನ್ನಿ. ಇದಕ್ಕೆ ಯಾವ ಖರ್ಚೂ ಇಲ್ಲ.

ಅಧಿಕಾರಿಗಳೇ, ಈಗ ನಿಮ್ಮ ಜೊತೆ ಮಾತು. 2024ರ ಜನವರಿಯಲ್ಲಿ ಗಣರಾಜ್ಯೋತ್ಸವದ ರಜೆಗೆ ಕುಮಾರ ಪರ್ವತಕ್ಕೆ ಜನ ಮುಗಿಬಿದ್ದ ವಿಡಿಯೋವನ್ನು ರಾಜ್ಯವೇ ನೋಡಿತು. ಆಮೇಲೆ ಅರಣ್ಯ ಸಚಿವ ಈಶ್ವರ ಖಂಡ್ರೆಯವರು ಆನ್‌ಲೈನ್ ಬುಕಿಂಗ್ ಇಲ್ಲದ ಕಡೆ ಚಾರಣವನ್ನು ತಾತ್ಕಾಲಿಕವಾಗಿ ನಿಲ್ಲಿಸಿದರು. ನಂತರ ಒಂದು ದಾರಿಗೆ ದಿನಕ್ಕೆ 300 ಜನ ಅನ್ನುವ ಮಿತಿ ಬಂತು, ಮೊದಲೇ ಟಿಕೆಟ್ ಮಾಡಿಸುವ ವ್ಯವಸ್ಥೆ ಬಂತು. ಇದು ಒಳ್ಳೆಯ ಕೆಲಸ. ಮನಸಾರೆ ಹೇಳುತ್ತೇನೆ. ಆ ಗುಂಪು ನೋಡಿದವರಿಗೆ ಈ ಮಿತಿಯ ಬೆಲೆ ಗೊತ್ತು.

ಆದರೆ ತಲೆ ಎಣಿಸಿದರೆ ಸಾಲದು. 300 ಜನ ಬೆಳಿಗ್ಗೆ ಆರೂವರೆಯಿಂದ ಎಂಟರೊಳಗೆ ಒಂದೇ ಗೇಟಿನಿಂದ ಒಳಗೆ ಹೋಗಿ, ಒಂದೇ ಹಳ್ಳದ ಹತ್ತಿರ ಒಂದೇ ಹೊತ್ತಿಗೆ ನಿಂತರೆ, ಹಳ್ಳಕ್ಕೆ 300 ಆದರೇನು ಸಾವಿರ ಆದರೇನು. ಅದೇ 300 ಜನ ಹತ್ತು ಹತ್ತರ ಗುಂಪಾಗಿ, ನಡುವೆ ಅಂತರ ಬಿಟ್ಟು, ಹಳ್ಳವನ್ನು ಒಂದೇ ಕಡೆ ಕಲ್ಲಿನ ಮೇಲಿಂದ ದಾಟಿ ಹೋದರೆ ಹಳ್ಳಕ್ಕೆ ಗೊತ್ತೇ ಆಗುವುದಿಲ್ಲ. ಎಷ್ಟು ಜನ ಅನ್ನುವುದರಷ್ಟೇ ಎಲ್ಲಿ ಕಾಲಿಡುತ್ತಾರೆ ಅನ್ನುವುದನ್ನೂ ನೀವು ನೋಡಬೇಕು.

ಹಾಗಾಗಿ ನಾನು ಕೇಳುವುದು ಇಷ್ಟು. ಕಾಡಿನೊಳಗೆ ದಾರಿ ಹಳ್ಳವನ್ನು ದಾಟುವ ಪ್ರತಿ ಜಾಗದಲ್ಲೂ ಕಾಲಿಡಲು ನಾಲ್ಕಾರು ದೊಡ್ಡ ಕಲ್ಲು ಗಟ್ಟಿಯಾಗಿ ಕೂರಿಸಿ. ಹೊರಗಿನಿಂದ ಸಿಮೆಂಟ್ ತರಬೇಡಿ, ಅಲ್ಲಿಯ ದಡದ ಬಂಡೆಯೇ ಸಾಕು, ಎಲ್ಲಿ ಹೇಗೆ ಅನ್ನುವುದನ್ನು ಕಪ್ಪೆ ಮತ್ತು ಮೀನು ಬಲ್ಲವರನ್ನು ಕರೆದು ತೋರಿಸಿ ಮಾಡಿ. ಆ ಕಲ್ಲುಗಳ ಎರಡೂ ಕಡೆ ಒಂದೊಂದು ತೆಂಗಿನ ನಾರಿನ ಹಗ್ಗ ಕಟ್ಟಿ. ಹಗ್ಗ ಕಂಡರೆ ನಮ್ಮ ಜನ ದಾಟುವುದಿಲ್ಲ. ದೇವಸ್ಥಾನದಲ್ಲಿ, ಬ್ಯಾಂಕಿನಲ್ಲಿ ಎಲ್ಲ ಕಡೆ ಹಗ್ಗದೊಳಗೆ ಶಿಸ್ತಾಗಿ ನಿಲ್ಲುವವರು ಇಲ್ಲೂ ನಿಲ್ಲುತ್ತಾರೆ. ಅಕ್ಟೋಬರ್‌ನಿಂದ ಜನವರಿ ತನಕವಾದರೂ ಕಾಡಿನೊಳಗಿನ ಹಳ್ಳಕ್ಕೆ ಇಳಿಯುವಂತಿಲ್ಲ ಅಂತ ಕಟ್ಟುನಿಟ್ಟು ಮಾಡಿ. ನೀರಿಗೆ ಕೈಕಾಲು ಒಡ್ಡದೆ ವಾಪಸ್ ಹೋಗಿ ಅಂದರೆ ಜನಕ್ಕೆ ಬೇಜಾರಾಗುತ್ತದೆ, ಅದೂ ಗೊತ್ತು. ಮರಳು ಜಲ್ಲಿ ಇಲ್ಲದ, ಬರೀ ಬಂಡೆಯ ಮೇಲೆ ನೀರು ಹರಿಯುವ ಒಂದು ಜಾಗವನ್ನು ಕಾಡಿನ ಹೊರಗೆ, ಜಲಪಾತದ ಅಂಚಿನಿಂದ ದೂರದಲ್ಲಿ ಗುರುತಿಸಿ, ಇಲ್ಲಿ ಕಾಲು ತೊಳೆಯಿರಿ, ಸೋಪು ಮಾತ್ರ ಬೇಡ ಅಂತ ಬರೆಯಿರಿ. ಜಾಗ ತೋರಿಸದೆ ಬರೀ ಬೇಡ ಬೇಡ ಅಂತ ಹೇಳಿದರೆ ಯಾರೂ ಕೇಳುವುದಿಲ್ಲ.

ಚೆಕ್‌ಪೋಸ್ಟಿನಲ್ಲಿ ಚೀಲ ತೆಗೆಸಿ ಪ್ಲಾಸ್ಟಿಕ್ ಎಣಿಸಿ, ಬರುವಾಗ ಲೆಕ್ಕ ಕೇಳುವ ಪದ್ಧತಿ ಎಷ್ಟೋ ದಾರಿಗಳಲ್ಲಿ ಬಂದಿದೆ. ಅದರ ಜೊತೆಗೆ ಸೋಪು, ಶಾಂಪೂ, ಬ್ಲೂಟೂತ್ ಸ್ಪೀಕರ್ ಈ ಮೂರನ್ನೂ ಅಲ್ಲೇ ಇಡಿಸಿಕೊಳ್ಳಿ. ಹೋಗುವಾಗ ತೆಗೆದುಕೊಂಡು ಹೋಗಲಿ. ಟಿಕೆಟ್ ಮಾಡಿಸುವ ಪುಟದಲ್ಲೇ ಕಪ್ಪೆಯ ಒಂದು ಚಿತ್ರ ಹಾಕಿ, ಈ ತಿಂಗಳು ಹಳ್ಳದ ಜಲ್ಲಿಯಲ್ಲಿ ಮೊಟ್ಟೆ ಇರುತ್ತದೆ, ಇಳಿಯಬೇಡಿ ಅಂತ ಎರಡು ಸಾಲು ಬರೆಯಿರಿ. ನಿಯಮ ಅಂತ ಬರೆದರೆ ಓದದೆ ಮುಂದೆ ಹೋಗುವವರೂ ಇಂಥ ಎರಡು ಸಾಲನ್ನು ಓದುತ್ತಾರೆ.

ಬಂಡಾಜೆ ಕುದುರೆಮುಖ ರಾಷ್ಟ್ರೀಯ ಉದ್ಯಾನಕ್ಕೆ ಸೇರಿದ ಜಾಗ, ಕಾನೂನು ನಿಮ್ಮ ಕೈಯಲ್ಲೇ ಇದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 35ನೇ ಸೆಕ್ಷನ್ ರಾಷ್ಟ್ರೀಯ ಉದ್ಯಾನದೊಳಗೆ ಯಾವುದೇ ಕಾಡುಜೀವಿಯ ನೆಲೆಗೆ ಯಾವುದೇ ರೀತಿಯಲ್ಲಿ ಹಾನಿ ಮಾಡಬಾರದು, ನೀರಿನ ಹರಿವನ್ನು ತಿರುಗಿಸಬಾರದು, ತಡೆಯಬಾರದು ಅಂತ ಸ್ಪಷ್ಟವಾಗಿ ಹೇಳುತ್ತದೆ. ಸ್ನಾನಕ್ಕೆ ಅಂತ ಕಲ್ಲು ಅಡ್ಡ ಇಟ್ಟು ನೀರು ಕಟ್ಟುವುದು ಇದರಲ್ಲೇ ಬರುತ್ತದೆ ಅಂತ ನನ್ನ ತಿಳಿವಳಿಕೆ. ಇದನ್ನು ಹಿಡಿದು ಪ್ರತಿಯೊಬ್ಬರಿಗೂ ಕೇಸು ಹಾಕಿ ಅಂತ ನಾನು ಹೇಳುವುದಿಲ್ಲ. ಆದರೆ ಗಾರ್ಡ್ ಒಬ್ಬರು ನೀರಿನಿಂದ ಮೇಲೆ ಬನ್ನಿ ಅಂದಾಗ, ನಿಮಗೇನ್ರೀ ತೊಂದರೆ ಅಂತ ಎದುರು ನಿಲ್ಲುವವರಿಗೆ ತೋರಿಸಲು ಅವರ ಕೈಯಲ್ಲಿ ಈ ಕಾಯ್ದೆಯ ಮಾತು ಅಚ್ಚಾಗಿ ಇರಬೇಕು. ಕುದುರೆಮುಖ ಉದ್ಯಾನ 600 ಚದರ ಕಿಲೋಮೀಟರ್ ಇದೆ. 2012ರಲ್ಲಿ ಯುನೆಸ್ಕೊ ಪಶ್ಚಿಮ ಘಟ್ಟದ 39 ಜಾಗಗಳನ್ನು ವಿಶ್ವ ಪರಂಪರೆ ಅಂತ ಗುರುತಿಸಿದಾಗ ಇದೂ ಅದರಲ್ಲಿತ್ತು. ಇಷ್ಟು ದೊಡ್ಡ ಕಾಡಿಗೆ ಇರುವ ಗಾರ್ಡ್‌ಗಳು, ವಾಚರ್‌ಗಳು ಎಷ್ಟು ಕಷ್ಟ ಪಡುತ್ತಾರೆ ಅಂತ ಪಕ್ಕದಲ್ಲೇ ಇರುವ ನಮಗೆ ಗೊತ್ತು. ಬೇಸಿಗೆಯಲ್ಲಿ ಹುಲ್ಲುಗುಡ್ಡಕ್ಕೆ ಬೆಂಕಿ ಬಿದ್ದರೆ ಸೊಪ್ಪು ಹಿಡಿದು ಬಡಿದು ಆರಿಸುವವರು ಅವರೇ.

ಅವರಿಗೆ ಜೊತೆಗಾರರು ಬೇಕು. ಚಾರಣಕ್ಕೆ ಗೈಡ್ ಕಡ್ಡಾಯ ಮಾಡಿದರೆ ಸಾಲದು, ಆ ಗೈಡ್ ಇದೇ ಊರಿನವರಾಗಿರಲಿ, ಮತ್ತು ಅವರಿಗೆ ಕಾಡಿನ ಪಾಠ ಹೇಳಿಸಿ. ಕಡಿರುದ್ಯಾವರ, ಮಲವಂತಿಗೆ, ದಿಡುಪೆ, ಚಾರ್ಮಾಡಿ, ಆ ಕಡೆ ಸುಂಕಸಾಲೆಯ ಹುಡುಗ ಹುಡುಗಿಯರು ಈ ಬೆಟ್ಟವನ್ನು ಹಗಲು ರಾತ್ರಿ ನೋಡಿ ಬೆಳೆದವರು. ದಾರಿ ಅವರಿಗೆ ಗೊತ್ತು. ಯಾವ ಮರಕ್ಕೆ ಯಾವಾಗ ಹಣ್ಣು ಬರುತ್ತದೆ, ಮಂಗಟ್ಟೆ ಎಲ್ಲಿ ಕೂರುತ್ತದೆ ಅಂತ ಗೊತ್ತು. ಆದರೆ ಈಗ ಅವರ ಕೆಲಸ ಮುಂದೆ ನಡೆಯುವುದು ಮತ್ತು ಹಿಂದೆ ಉಳಿದವರನ್ನು ಕರೆಯುವುದು ಇಷ್ಟೇ ಆಗಿಬಿಟ್ಟಿದೆ. ನಲವತ್ತು ಜನರ ಗುಂಪನ್ನು ಒಬ್ಬರಿಗೆ ವಹಿಸಿದರೆ ಅವರು ಇನ್ನೇನು ಮಾಡಲಾದೀತು? ಹತ್ತು ಜನಕ್ಕೆ ಒಬ್ಬರು ಇರಲಿ. ಕಪ್ಪೆ, ಹಾವು, ಹಕ್ಕಿ ಬಲ್ಲವರಿಂದ ನಾಲ್ಕು ದಿನ ತರಬೇತಿ ಕೊಡಿಸಿ. ಸಂಬಳ ಸರಿಯಾಗಿ ಕೊಡಿ. ಹಳ್ಳದ ಹತ್ತಿರ ಗುಂಪನ್ನು ಕೂರಿಸಿ, ಅಗೋ ಆ ಕಲ್ಲಿನ ಮೇಲೆ ನೋಡಿ, ಕಾಲು ಎತ್ತಿತು ನೋಡಿ ಅಂತ ಒಬ್ಬ ಹುಡುಗಿ ತೋರಿಸಿಕೊಟ್ಟರೆ, ಆ ಹತ್ತು ಜನರಲ್ಲಿ ಒಬ್ಬರೂ ಆಮೇಲೆ ಆ ನೀರಿಗೆ ಇಳಿಯುವುದಿಲ್ಲ. ಇದನ್ನು ನಾನು ನನ್ನ ಜೊತೆ ಬಂದ ಗೆಳೆಯರಲ್ಲಿ ಕಣ್ಣಾರೆ ಕಂಡಿದ್ದೇನೆ. ಫಲಕ ಮಾಡದ ಕೆಲಸವನ್ನು ಆ ಕಾಲು ಮಾಡುತ್ತದೆ.

ಗೆಳೆಯರೇ, ಇನ್ನು ನಿಮ್ಮ ಸರದಿ. ನಿಮಗೆ ಇಲ್ಲಿ ಏನೂ ಕಾಣಲಿಲ್ಲ, ಬರೀ ಮರ ನೋಡಿ ಬಂದೆವು ಅಂತ ಬರೆಯುತ್ತೀರಿ. ಕಾಣುವ ದಾರಿ ಹೇಳುತ್ತೇನೆ, ಒಮ್ಮೆ ಮಾಡಿ ನೋಡಿ. ಕಾಡಿನೊಳಗೆ ಕಾಲಿಟ್ಟ ಮೇಲೆ ಮಾತು ಕಡಿಮೆ ಮಾಡಿ. ಹಾಡು ಬೇಡವೇ ಬೇಡ. ಮೊದಲ ಹಳ್ಳ ಬಂದಾಗ ನೀರಿನ ತನಕ ಹೋಗದೆ ನಾಲ್ಕು ಹೆಜ್ಜೆ ಹಿಂದೆಯೇ ಕೂತುಬಿಡಿ. ದಡದಲ್ಲಿ ಕೂರುವ ಮುಂಚೆ ಎಲೆ ಸರಿಸಿ ಒಮ್ಮೆ ನೋಡಿ. ನೀರು ಸಣ್ಣಗೆ ಚಿಮ್ಮುವ ಕಡೆ, ನೆರಳಿರುವ, ಪಾಚಿ ಹಿಡಿದ, ಅಂಗೈ ಅಗಲದ ಕಲ್ಲುಗಳ ಮೇಲೆ ಕಣ್ಣಿಡಿ. ಮೊದಲ ಐದು ನಿಮಿಷ ಏನೂ ಇರುವುದಿಲ್ಲ. ನೀವು ಬಂದ ಸದ್ದಿಗೆ ಎಲ್ಲವೂ ಅಡಗಿರುತ್ತವೆ. ಆಮೇಲೆ ಏಡಿಯೊಂದು ಹೊರಗೆ ಬರುತ್ತದೆ. ಏರೋಪ್ಲೇನ್ ಚಿಟ್ಟೆ ವಾಪಸ್ ಬಂದು ತನ್ನ ಕಡ್ಡಿಯ ಮೇಲೆ ಕೂರುತ್ತದೆ. ಎಲ್ಲೋ ಒಂದು ಬಿಳಿ ಚುಕ್ಕೆ ಉಬ್ಬಿ ಇಳಿದಂತೆ ಕಾಣುತ್ತದೆ. ಅಲ್ಲೇ ನೋಡುತ್ತಿರಿ. ಒಂದು ಕಂಡರೆ ಆಮೇಲೆ ಕಲ್ಲು ಕಲ್ಲಿಗೂ ಕಾಣುತ್ತವೆ, ಇಷ್ಟು ಹೊತ್ತು ಇಲ್ಲೇ ಇದ್ದವಲ್ಲ ಅನಿಸುತ್ತದೆ. ಫೋಟೋ ಬೇಕಿದ್ದರೆ ದೂರದಿಂದ ಝೂಮ್ ಮಾಡಿ. ಫ್ಲಾಶ್ ಬೇಡ. ಕೈಯಲ್ಲಿ ಹಿಡಿಯಬೇಡಿ, ಒಳ್ಳೆಯ ಬೆಳಕಿಗೆ ಅಂತ ಬೇರೆ ಕಲ್ಲಿನ ಮೇಲೆ ಎತ್ತಿ ಇಡಬೇಡಿ. ಹಾವು, ಕಪ್ಪೆ ಸಿಕ್ಕಿದ ಜಾಗದ ಲೊಕೇಶನ್ ಅನ್ನು ಫೋಟೋ ಜೊತೆ ಹಾಕಬೇಡಿ.

ಕಲ್ಲು ಪೇರಿಸುವುದನ್ನು ದಯವಿಟ್ಟು ಬಿಡಿ. ಒಬ್ಬರು ಪೇರಿಸಿದರೆ ನೋಡಿದವರೆಲ್ಲ ಪೇರಿಸುತ್ತಾರೆ, ಸಂಜೆಗೆ ಹಳ್ಳದ ಒಂದು ಮಗ್ಗುಲೇ ಬೋಳಾಗುತ್ತದೆ. ಪ್ರತಿ ಕಲ್ಲಿನ ಅಡಿಯಲ್ಲಿ ಏನಾದರೊಂದು ಅಂಟಿಕೊಂಡಿರುತ್ತದೆ. ಕಲ್ಲು ಎತ್ತಿ ತಿರುಗಿಸಿ ನೋಡಿದವರಿಗೆ ಗೊತ್ತು, ಮರಳಿನ ಕಣ ಅಂಟಿಸಿ ಮಾಡಿದ ಸಣ್ಣ ಕೊಳವೆಯೊಳಗೆ ಹುಳ ಇರುತ್ತದೆ, ಅದನ್ನೇ ತಿಂದು ಮೀನುಮರಿ ಬೆಳೆಯುತ್ತದೆ. ಬಿಸಿಲಿಗೆ ಇಟ್ಟ ಕಲ್ಲಿನಲ್ಲಿ ಅದು ಒಣಗಿ ಹೋಗುತ್ತದೆ.

ಜಲಪಾತದ ಅಂಚಿನ ಬಗ್ಗೆಯೂ ಹೇಳದೆ ಇರಲಾರೆ. ಬಂಡಾಜೆಯಲ್ಲಿ ನಾವು ಹೋಗಿ ನಿಲ್ಲುವುದು ನೀರು ಬೀಳುವ ಬುಡದಲ್ಲಿ ಅಲ್ಲ, ಬೀಳುವ ತುದಿಯಲ್ಲಿ. ಬಂಡೆ ಒಣಗಿದಂತೆ ಕಂಡರೂ ತೆಳು ಪಾಚಿ ಇರುತ್ತದೆ. 2023ರ ಜುಲೈನಲ್ಲಿ ಕೊಲ್ಲೂರು ಹತ್ತಿರದ ಅರಿಶಿನಗುಂಡಿಯಲ್ಲಿ ಬಂಡೆಯ ಮೇಲೆ ನಿಂತು ನೀರು ನೋಡುತ್ತಿದ್ದ ಯುವಕನೊಬ್ಬ ಕಾಲು ಜಾರಿ ಬಿದ್ದದ್ದನ್ನು ಜೊತೆಗಿದ್ದವರ ಮೊಬೈಲೇ ಚಿತ್ರೀಕರಿಸಿತ್ತು. ಆ ವಿಡಿಯೋ ನೋಡಿದ ಮೇಲೂ ಜನ ಅಂಚಿಗೆ ಹೋಗುತ್ತಾರೆ ಅನ್ನುವುದು ನನಗೆ ತುಂಬಾ ನೋವಿನ ವಿಷಯ. ಅಲ್ಲಿ ಬಿದ್ದವರನ್ನು ಹುಡುಕಲು ಹಗ್ಗ ಕಟ್ಟಿಕೊಂಡು ಇಳಿಯುವವರು ಇದೇ ಊರಿನ ಹುಡುಗರು, ಅವರಿಗೂ ಮನೆಯಲ್ಲಿ ಕಾಯುವವರಿದ್ದಾರೆ.

ವಾರಾಂತ್ಯದ ಚಾರಣ ನಡೆಸುವ ಕಂಪನಿಗಳವರಿಗೆ ನನ್ನ ಕೋರಿಕೆ ಚಿಕ್ಕದು. ನಿಮ್ಮ ಜಾಹೀರಾತಿನಿಂದ ಜಲಪಾತದಲ್ಲಿ ಸ್ನಾನ ಅನ್ನುವ ಮಾತನ್ನು ತೆಗೆಯಿರಿ. ಜನ ನೀವು ಹೇಳಿದ್ದನ್ನೇ ಬಯಸಿ ಬರುತ್ತಾರೆ. ಹಳ್ಳದಲ್ಲಿ ಕುಣಿಯುವ ಕಪ್ಪೆ ತೋರಿಸುತ್ತೇವೆ ಅಂತ ಹಾಕಿ ನೋಡಿ, ಅದಕ್ಕೂ ಬರುವವರಿದ್ದಾರೆ. ರಾತ್ರಿಯಿಡೀ ಬಸ್ಸಿನಲ್ಲಿ ಕೂತು, ನಿದ್ದೆಯಿಲ್ಲದೆ ಬಂದು, ಬೆಳಿಗ್ಗೆ ಓಡುತ್ತಾ ಹತ್ತಿ, ಓಡುತ್ತಾ ಇಳಿದು, ಮತ್ತೆ ರಾತ್ರಿ ಬಸ್ಸು ಹತ್ತುವವರಿಗೆ ಏನು ಕಂಡೀತು? ಒಂದು ದಿನ ಜಾಸ್ತಿ ಮಾಡಿ. ಊರಿನ ಹೋಮ್‌ಸ್ಟೇಗಳಿಗೂ ನಾಲ್ಕು ಕಾಸು ಸಿಗುತ್ತದೆ.

ಒಂದು ಕಪ್ಪೆಗಾಗಿ ಇಷ್ಟೆಲ್ಲಾನಾ ಅಂತ ಕೆಲವರು ಕೇಳುತ್ತಾರೆ. ಈ ಹಳ್ಳಗಳೆಲ್ಲ ಕೆಳಗೆ ಹೋಗಿ ಸೇರುವುದು ನೇತ್ರಾವತಿಯನ್ನು. ಧರ್ಮಸ್ಥಳಕ್ಕೆ ಬಂದ ಭಕ್ತರು ಮುಳುಗು ಹಾಕುವುದು ಅದೇ ನೀರಿನಲ್ಲಿ. ತುಂಬೆಯ ಅಣೆಕಟ್ಟಿನಿಂದ ಮಂಗಳೂರಿನ ನಲ್ಲಿಗೆ ಬರುವುದು ಅದೇ ನೀರು. 2019ರ ಆಗಸ್ಟ್‌ನಲ್ಲಿ ಈ ಬೆಟ್ಟಗಳು ಕುಸಿದು, ಹಳ್ಳಗಳು ಮರ ಬಂಡೆಗಳನ್ನು ಹೊತ್ತು ತಂದು, ನಮ್ಮ ಕಡೆಯ ತೋಟ, ಸೇತುವೆ ಎಲ್ಲ ಮುಚ್ಚಿಹೋದವು, ಚಾರ್ಮಾಡಿ ಘಾಟಿ ತಿಂಗಳುಗಟ್ಟಲೆ ಬಂದ್ ಆಯಿತು. ಆವತ್ತು ನಮಗೆ ಗೊತ್ತಾಯಿತು, ಮೇಲಿನ ಹಳ್ಳದಲ್ಲಿ ಆಗುವುದು ಕೆಳಗಿನ ಮನೆಯ ಅಂಗಳಕ್ಕೆ ಬರುತ್ತದೆ ಅಂತ. ಬೆಟ್ಟದ ಆ ಮಗ್ಗುಲಲ್ಲಿ ಭದ್ರೆಗೆ ಕಬ್ಬಿಣದ ಅದಿರಿನ ಹೂಳು ಸೇರುತ್ತದೆ ಅಂತ ವರ್ಷಗಟ್ಟಲೆ ಹೋರಾಡಿ, ಸುಪ್ರೀಂ ಕೋರ್ಟ್ ತನಕ ಹೋಗಿ, 2005ರ ಕೊನೆಗೆ ಕುದುರೆಮುಖದ ಗಣಿ ನಿಲ್ಲಿಸಿದವರೂ ಇದೇ ಮಲೆನಾಡು ಕರಾವಳಿಯ ಜನ. ಗಣಿಯೇ ನಿಂತ ಬೆಟ್ಟದಲ್ಲಿ ಶಾಂಪೂ ಸ್ಯಾಶೆ ನಿಲ್ಲಿಸುವುದು ಆಗದ ಮಾತಲ್ಲ.

ಇಲಾಖೆಯವರಿಗೆ ಕೊನೆಯದಾಗಿ ಒಂದು ಮಾತು. ಮಳೆಗಾಲದಲ್ಲಿ ದಾರಿ ಮುಚ್ಚಿರುವಾಗಲೇ ಈ ಕೆಲಸ ಆಗಬೇಕು. ಆಗಸ್ಟ್ ಕೊನೆಗೆ ಒಂದು ದಿನ ಗೊತ್ತು ಮಾಡಿ, ಗ್ರಾಮ ಪಂಚಾಯಿತಿಗೆ ತಿಳಿಸಿ. ಹಳ್ಳ ದಾಟುವ ಜಾಗಗಳನ್ನು ಗುರುತು ಮಾಡಲು, ಹಗ್ಗ ಕಟ್ಟಲು, ಫಲಕ ಹೊರಲು ನಮ್ಮೂರಿನಿಂದ ಜನ ಬರುತ್ತೇವೆ. ಹಗ್ಗವನ್ನೂ ನಾವೇ ತರುತ್ತೇವೆ, ಮನೆಮನೆಯಲ್ಲಿ ತೆಂಗಿನ ನಾರು ಇದೆ. ನಿಮ್ಮ ಅನುಮತಿ ಮತ್ತು ಜೊತೆಗೆ ಒಬ್ಬ ಗಾರ್ಡ್ ಸಾಕು. ಸೆಪ್ಟೆಂಬರ್ ಮುಗಿಯುವುದರೊಳಗೆ ಎಲ್ಲ ಸಿದ್ಧವಾದರೆ, ಅಕ್ಟೋಬರ್‌ನಲ್ಲಿ ಮೊದಲ ಟಿಕೆಟ್ ಕೊಡುವ ದಿನವೇ ಶುರು ಮಾಡಬಹುದು.

ಇಂತಿ,
ಚಾರ್ಮಾಡಿ ತಪ್ಪಲಿನ ಒಬ್ಬ ಚಾರಣಿಗ